ಅನಿಲ ಯಾರದು, ಕೊಳವೆ ಯಾರದು?

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ನೆಲದಡಿಯಲ್ಲಿ ಹೇರಳವಾದ ಇಂಧನಾನಿಲವಿದ್ದೂ ಅದನ್ನು ಪೇಟೆಗೆ ಒಯ್ಯುವ ಕೊಳವೆಯಲ್ಲಿ ಎಡೆ ದೊರೆಯದ ಸಣ್ಣ ಕಂಪೆನಿಯ ಪಾಡು ಈ ಗಾದೆಗೆ ಹೇಳಿಮಾಡಿಸಿದ ನಿದರ್ಶನ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ಕಂಪೆನಿಗಳು ಅನೇಕವಾಗಿವೆ. ಕೆಲವು ಸಾವಿರ ಎಕರೆ ನೆಲವನ್ನು ಗುತ್ತಿಗೆ ಹಿಡಿದು, ಸಾಲ ತಂದು, ಬಾವಿ ಕೊರೆದು, ಅನಿಲವುಂಟೆಂದು ತೋರಿಸಿ, ಬಳಿಕ ಇಡೀ ಕಂಪೆನಿಯನ್ನೇ ದೊಡ್ಡದೊಂದು ಕಂಪೆನಿಗೆ ಮಾರುವುದು ಅಲ್ಲಿ ಬಹುಕಾಲದಿಂದ ನಡೆದುಬಂದ ವ್ಯಾಪಾರಕ್ರಮ. ಆ ಮಾರಾಟದ ಬೆಲೆಯನ್ನು ನಿಶ್ಚಯಿಸುವುದು ಯಾವುದು? ಬಂಡೆಯ ಗುಣ, ಅನಿಲದ ಮೊತ್ತ, ಕೊರೆಯುವವರ ಜಾಣ್ಮೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಇವೆಲ್ಲವೂ ಬೇಕಾದುವೇ ಸರಿ. ಆದರೆ ಇವೆಲ್ಲಕ್ಕಿಂತ ಮಿಗಿಲಾಗಿ ಬೆಲೆಯನ್ನು ಗೊತ್ತುಮಾಡುವುದು ಕೊಳವೆ ಎಂಬುದು ನಮ್ಮ ಅಭಿಪ್ರಾಯ. ಅಷ್ಟೇ ಅಲ್ಲ, ಕೊಳವೆಯಿಲ್ಲದೆ ಸಣ್ಣವನು ಕಳೆದುಕೊಂಡ ಬೆಲೆ ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಕೊಳವೆಯಲ್ಲಿ ಎಡೆಯನ್ನು ಕಾಯ್ದಿರಿಸಿಕೊಂಡವನ ಜೇಬಿಗೆ ಸೇರುತ್ತದೆ. ಆದುದರಿಂದ ಇದು ಬರಿಯ ವ್ಯಾಪಾರದ ಮಾತಲ್ಲ, ನ್ಯಾಯದ ಮಾತೂ ಹೌದು.

ಮೊದಲು ಅನಿಲದ ಸ್ವಭಾವವನ್ನು ನೋಡೋಣ. ಕಲ್ಲಿದ್ದಲನ್ನು ಗಾಡಿಯಲ್ಲಿ ತುಂಬಬಹುದು, ರಾಶಿ ಹಾಕಿ ಬೆಲೆ ಏರುವವರೆಗೆ ಕಾಯಬಹುದು. ಕಲ್ಲೆಣ್ಣೆಯನ್ನು ಪೀಪಾಯಿಯಲ್ಲೋ ಟ್ಯಾಂಕರಿನಲ್ಲೋ ಸಾಗಿಸಬಹುದು. ಅನಿಲ ಹಾಗಲ್ಲ. ನಾವು ಉಸಿರಾಡುವ ವಾಯುವಿನ ಒತ್ತಡದಲ್ಲಿ ಒಂದು ಘನಮೀಟರು ಮೀಥೇನಿನ ತೂಕ ಸುಮಾರು ೦.೭ ಕಿಲೋಗ್ರಾಂ ಮಾತ್ರ. ಒಂದು ಲೀಟರು ಪೆಟ್ರೋಲು ಕೊಡುವಷ್ಟು ಶಾಖವನ್ನು ಪಡೆಯಲು ಸುಮಾರು ಒಂದು ಘನಮೀಟರು, ಎಂದರೆ ಸಾವಿರ ಲೀಟರು, ಅನಿಲ ಬೇಕು. ಅದನ್ನು ಸೊನ್ನೆಗಿಂತ ೧೬೨ ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ ದ್ರವವಾಗಿಸಿದರೆ ಗಾತ್ರ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುವುದೇನೋ ನಿಜ. ಆದರೆ ಅಂಥ ಸ್ಥಾವರವನ್ನು ಕಟ್ಟಲು ಕೋಟ್ಯಂತರ ಡಾಲರು ಬೇಕು. ಸಣ್ಣ ಕಂಪೆನಿಗೆ ಅದು ಕನಸಿನ ಮಾತು. ಹೀಗಾಗಿ ಬಾವಿಯ ಬಾಯಿಯಿಂದ ಒಲೆಯ ಬಾಯಿಯವರೆಗೆ ಅನಿಲಕ್ಕೆ ಇರುವ ಹೆದ್ದಾರಿ ಉಕ್ಕಿನ ಕೊಳವೆಯೊಂದೇ.

ಈ ಕೊಳವೆಗೆ ಒಂದು ವಿಚಿತ್ರವಾದ ಗಣಿತವುಂಟು. ಒತ್ತಡಗಳು ಹಾಗೆಯೇ ಇದ್ದು ಕೊಳವೆಯ ವ್ಯಾಸ ಎರಡರಷ್ಟಾದರೆ, ಅದರಲ್ಲಿ ಸಾಗುವ ಅನಿಲ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟೂ ಅಲ್ಲ. ಐದೂವರೆ ಪಾಲಿಗೂ ಮೀರುತ್ತದೆ. ಗೋಡೆಗೆ ಉಜ್ಜಿಕೊಂಡು ಹರಿಯುವ ಅನಿಲದ ಪ್ರಮಾಣ ಅಗಲವಾದ ಕೊಳವೆಯಲ್ಲಿ ಕಡಿಮೆಯಾಗುವುದೇ ಇದಕ್ಕೆ ಕಾರಣ. ಆದರೆ ಅದಕ್ಕೆ ಬೇಕಾಗುವ ಉಕ್ಕು ನಾಲ್ಕರಷ್ಟು ಮಾತ್ರ. ತೋಡುವ ಕಾಲುವೆಯಂತೂ ಒಂದೇ. ಆದುದರಿಂದ ಹತ್ತು ಸಣ್ಣ ಕೊಳವೆಗಳಿಗಿಂತ ಒಂದು ದೊಡ್ಡ ಕೊಳವೆ ಅಗ್ಗ. ಒಂದು ಪ್ರಾಂತದಿಂದ ಹೊರಡುವ ದೊಡ್ಡ ಕೊಳವೆಗಳು ಒಂದೆರಡೇ ಇರುವುದು ಯಾರದೋ ದುರುದ್ದೇಶದಿಂದಲ್ಲ, ಈ ಗಣಿತದಿಂದ. ದಾರಿ ಒಂದೇ ಆದಾಗ ದಾರಿಯ ಬಾಗಿಲಲ್ಲಿ ನಿಂತವನಿಗೆ ಬಲ ಬರುವುದೂ ಅಷ್ಟೇ ಸಹಜ.

ಆ ಬಾಗಿಲಿನ ಕೀಲಿಕೈ ಯಾವುದು? ರೈಲುಗಾಡಿಯಲ್ಲಿ ಪ್ರಯಾಣ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ಮುಂಗಡವಾಗಿ ಹಣ ತೆತ್ತು ಸ್ಥಳ ಕಾಯ್ದಿರಿಸಿದವನು ನಿಶ್ಚಿಂತನಾಗಿ ಕೂರುತ್ತಾನೆ. ಉಳಿದವರು ಖಾಲಿಯಿದ್ದರೆ ಏರಬೇಕು, ಇಲ್ಲವಾದರೆ ನಿಲ್ದಾಣದಲ್ಲೇ ಉಳಿಯಬೇಕು. ಅಮೆರಿಕದ ಅನಿಲ ಕೊಳವೆಗಳ ವ್ಯವಸ್ಥೆಯೂ ಇಂಥದೇ. ಹತ್ತು, ಹದಿನೈದು, ಇಪ್ಪತ್ತು ವರ್ಷಗಳಿಗೆ ದಿನಕ್ಕಿಷ್ಟು ಘನ ಅಡಿ ಎಂದು ಸ್ಥಳವನ್ನು ಕಾಯ್ದಿರಿಸಬೇಕು. ಅನಿಲ ಕಳಿಸಲಿ ಬಿಡಲಿ, ಅದರ ಬಾಡಿಗೆಯನ್ನು ತಪ್ಪದೆ ಕೊಡಬೇಕು. ಇಂಥ ಒಪ್ಪಂದಗಳ ಬಲದ ಮೇಲೆಯೇ ಕೊಳವೆ ಕಟ್ಟುವವನಿಗೆ ಸಾಲ ದೊರೆಯುವುದರಿಂದ, ಅವನು ಕೈಗಟ್ಟಿಯಾದ ಗಿರಾಕಿಗಳನ್ನೇ ಹುಡುಕುತ್ತಾನೆ. ಸಾಲದಲ್ಲಿ ಮುಳುಗಿದ ಸಣ್ಣ ಕಂಪೆನಿಯಿಂದ ಭಾರಿ ಜಾಮೀನು ಕೇಳುತ್ತಾನೆ. ಜಾಮೀನಿಗೆ ಹಣವಿದ್ದಿದ್ದರೆ ಅದು ಇನ್ನೊಂದು ಬಾವಿಯನ್ನು ಕೊರೆಯುತ್ತಿತ್ತು.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇವೆ. ಅಂಕಿಗಳು ನಮ್ಮ ಊಹೆಯವು, ನ್ಯಾಯ ಮಾತ್ರ ವಾಸ್ತವವಾದುದು. ‘ಕ’ ಮತ್ತು ‘ಖ’ ಎಂಬ ಎರಡು ಕಂಪೆನಿಗಳು ಒಂದೇ ಬಂಡೆಯಿಂದ ದಿನಕ್ಕೆ ತಲಾ ೧ ಕೋಟಿ ಘನ ಅಡಿ ಅನಿಲ ತೆಗೆಯುತ್ತವೆ ಎನ್ನಿ. ತೆಗೆಯುವ ಖರ್ಚು ಸಾವಿರ ಘನ ಅಡಿಗೆ ೧ ಡಾಲರು. ದೂರದ ನಗರದಲ್ಲಿ ಬೆಲೆ ೩ ಡಾಲರು. ಕೊಳವೆಯ ಬಾಡಿಗೆ ೬೦ ಸೆಂಟು. ‘ಕ’ ಕಂಪೆನಿ ಸ್ಥಳ ಕಾಯ್ದಿರಿಸಿದೆ. ಅದಕ್ಕೆ ಸಾವಿರ ಘನ ಅಡಿಗೆ ೧ ಡಾಲರು ೪೦ ಸೆಂಟಿನಂತೆ ದಿನಕ್ಕೆ ೧೪,೦೦೦ ಡಾಲರು ಉಳಿಯುವುದು. ‘ಖ’ ಕಂಪೆನಿಗೆ ಸ್ಥಳವಿಲ್ಲ. ಕೊಳವೆ ತುಂಬಿದೆ, ಹೊರಗೆ ಹೋಗಲಾರದ ಅನಿಲವೆಲ್ಲ ಸ್ಥಳೀಯ ಪೇಟೆಯಲ್ಲಿ ಒಂದರ ಮೇಲೊಂದು ಬಿದ್ದು ಅಲ್ಲಿನ ಬೆಲೆ ಒಂದೂವರೆ ಡಾಲರಿಗೆ ಇಳಿದಿದೆ. ‘ಖ’ ಕಂಪೆನಿಗೆ ದಿನಕ್ಕೆ ಉಳಿಯುವುದು ೫,೦೦೦ ಡಾಲರು. ಬಂಡೆ ಒಂದೇ, ಬಾವಿ ಒಂದೇ, ಗಳಿಕೆ ಮಾತ್ರ ಮೂರರಲ್ಲಿ ಒಂದು ಪಾಲಿಗೆ ಸಮೀಪ!

ಈಗ ‘ಗ’ ಎಂಬ ದೊಡ್ಡ ಕಂಪೆನಿ ‘ಖ’ವನ್ನು ಕೊಳ್ಳಲು ಬರುತ್ತದೆ. ಅದು ಕಾಯ್ದಿರಿಸಿದ ಸ್ಥಳದಲ್ಲಿ ಒಂದಷ್ಟು ಖಾಲಿ ಉಳಿದಿದೆ. ಬಾಡಿಗೆಯಂತೂ ಹೇಗೂ ಕೊಡಲೇಬೇಕು. ‘ಖ’ದ ಅನಿಲವನ್ನು ಆ ಖಾಲಿ ಸ್ಥಳದಲ್ಲಿ ಸಾಗಿಸಿದರೆ ‘ಗ’ಕ್ಕೆ ಹೊಸದಾಗಿ ತಗಲುವ ಖರ್ಚು ತೆಗೆಯುವ ೧ ಡಾಲರು ಮಾತ್ರ. ದಿನಕ್ಕೆ ೨೦,೦೦೦ ಡಾಲರು ದೊರೆತಂತಾಯಿತು. ಆದರೆ ‘ಖ’ವನ್ನು ಒಪ್ಪಿಸಲು ೫,೦೦೦ಕ್ಕೆ ಸಲ್ಲುವ ಬೆಲೆಗಿಂತ ತುಸು ಮೇಲೆ ಹೇಳಿದರೆ ಸಾಕು. ಖಾಲಿ ಸ್ಥಳವಿರುವ ನಾಲ್ಕು ಕಂಪೆನಿಗಳು ಪೈಪೋಟಿಗೆ ನಿಂತರೆ ಬೆಲೆ ಏರಬಹುದು. ಆ ನೆರೆಯಲ್ಲಿ ಅಂಥದು ಒಂದೇ ಇದ್ದರೆ ಏರುವ ಮಾತೆಲ್ಲಿ? ೫,೦೦೦ಕ್ಕೂ ೨೦,೦೦೦ಕ್ಕೂ ನಡುವಿನ ಅಂತರ ಕೊಳವೆಯ ಕೀಲಿಕೈ ಹಿಡಿದವನಿಗೆ ಸಲ್ಲುವ ಕಾಣಿಕೆ.

‘ಖ’ ಕಾಯಬಾರದೆ ಎಂದು ವಾಚಕರು ಕೇಳಬಹುದು. ಕಾಯಲಾಗದು. ಗುತ್ತಿಗೆಯ ಅವಧಿಯೊಳಗೆ ಬಾವಿ ಕೊರೆದು ಅನಿಲ ತೆಗೆಯದಿದ್ದರೆ ನೆಲ ಕೈತಪ್ಪುವುದು. ಸಾಲದ ಬಡ್ಡಿ ತಿಂಗಳು ತಿಂಗಳೂ ಬೆಳೆಯುವುದು. ಷೇಲ್ ಎಂಬ ಪದರಗಲ್ಲಿನಲ್ಲಿ ಕೊರೆದ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಬಹಳವಾಗಿ ಕುಸಿಯುವುದರಿಂದ, ಬೆಲೆ ಕೆಟ್ಟ ಕಾಲದಲ್ಲಿ ಹೊರಬಂದ ಅನಿಲ ಅದರ ಯೌವನದ ಅನಿಲ. ಇನ್ನೂ ಒಂದು ಸಂಕಟವುಂಟು. ನೆರೆಯವರು ಬಿರುಸಾದ ಹೊಸ ಬಾವಿಗಳನ್ನು ಅದೇ ಕೊಳವೆಗೆ ಜೋಡಿಸಿದಾಗ ಕೊಳವೆಯೊಳಗಿನ ಒತ್ತಡ ಏರುತ್ತದೆ. ಹಳೆಯ ಬಾವಿಯ ಒತ್ತಡ ಅದಕ್ಕಿಂತ ಕಡಿಮೆಯಾದರೆ ಅದರ ಅನಿಲ ಒಳಗೆ ನುಗ್ಗಲಾರದು. ಒತ್ತುಯಂತ್ರವನ್ನು ಹೂಡಬೇಕು, ಇಲ್ಲವೆ ಬಾವಿಯ ಬಾಯಿ ಕಟ್ಟಬೇಕು.

ಇದು ಬರಿಯ ಲೆಕ್ಕದ ಮಾತಲ್ಲವೆಂಬುದಕ್ಕೆ ಅಮೆರಿಕದ ಇತ್ತೀಚಿನ ಚರಿತ್ರೆಯೇ ಸಾಕ್ಷಿ. ೨೦೦೭ರ ಶರತ್ಕಾಲದಲ್ಲಿ ರಾಕಿ ಪರ್ವತಗಳ ಸೀಮೆಯಲ್ಲಿ ಅನಿಲದ ಬೆಲೆ ಒಂದು ಡಾಲರಿಗಿಂತಲೂ ಕೆಳಗಿಳಿಯಿತು. ಅದೇ ಸಮಯದಲ್ಲಿ ಲೂಯಿಸಿಯಾನದ ಹೆನ್ರಿ ಹಬ್ ಎಂಬ ಮುಖ್ಯ ಪೇಟೆಯಲ್ಲಿ ಆರು ಡಾಲರಿಗೂ ಮೇಲಿತ್ತು. ಹೊರಗೆ ಹೋಗುವ ಕೊಳವೆಗಳು ತುಂಬಿಹೋಗಿದ್ದುದೇ ಇದಕ್ಕೆ ಕಾರಣ. ೨೦೦೯ರಲ್ಲಿ ರಾಕೀಸ್ ಎಕ್ಸ್‌ಪ್ರೆಸ್ ಎಂಬ ಕೊಳವೆ ಒಹಾಯೊ ಸಂಸ್ಥಾನದವರೆಗೆ ಪೂರ್ಣಗೊಂಡಿತು. ದಿನಕ್ಕೆ ಸುಮಾರು ೧೮೦ ಕೋಟಿ ಘನ ಅಡಿ ಸಾಗಿಸುವ ಶಕ್ತಿ ಅದಕ್ಕಿತ್ತು. ಅಂತರ ಕಿರಿದಾಯಿತು. ಬಂಡೆ ಬದಲಾಗಲಿಲ್ಲ, ಬಾವಿ ಬದಲಾಗಲಿಲ್ಲ. ದಾರಿ ಬದಲಾಯಿತು, ಬೆಲೆ ಬದಲಾಯಿತು.

ಅಷ್ಟರಲ್ಲಿ ಪೂರ್ವದ ಪೆನ್ಸಿಲ್ವೇನಿಯದಲ್ಲಿ ಮಾರ್ಸೆಲಸ್ ಎಂಬ ಷೇಲ್ ಪದರ ಬಾಯಿ ತೆರೆದಿತ್ತು. ೨೦೦೮ರಲ್ಲಿ ದಿನಕ್ಕೆ ೧೦೦ ಕೋಟಿ ಘನ ಅಡಿಯನ್ನೂ ಕೊಡದಿದ್ದ ಆ ಸಂಸ್ಥಾನ ೨೦೧೮ರ ವೇಳೆಗೆ ೧,೬೦೦ ಕೋಟಿಗೂ ಹೆಚ್ಚು ಕೊಡತೊಡಗಿತು. ಕೊಳವೆಗಳು ಇಷ್ಟು ಬೇಗ ಬೆಳೆಯಲಿಲ್ಲ. ೨೦೧೫ರಲ್ಲಿ ಹೆನ್ರಿ ಹಬ್ಬಿನ ಸರಾಸರಿ ಬೆಲೆ ೨.೬ ಡಾಲರಿನಷ್ಟಿದ್ದರೆ, ಈಶಾನ್ಯ ಪೆನ್ಸಿಲ್ವೇನಿಯದಲ್ಲಿ ಎಷ್ಟೋ ದಿನ ಅದರ ಅರ್ಧವೂ ದೊರೆಯಲಿಲ್ಲ. ಪೂರ್ವಕ್ಕೆ ಅನಿಲ ತರಲೆಂದು ಕಟ್ಟಿದ್ದ ರಾಕೀಸ್ ಎಕ್ಸ್‌ಪ್ರೆಸ್ಸಿನ ಪೂರ್ವ ಭಾಗವೇ ಅದೇ ವರ್ಷದ ಹೊತ್ತಿಗೆ ಪೂರ್ವದ ಅನಿಲವನ್ನು ಪಶ್ಚಿಮಕ್ಕೆ ಒಯ್ಯತೊಡಗಿತು! ನ್ಯೂಯಾರ್ಕಿನತ್ತ ಹೋಗಬೇಕಾಗಿದ್ದ ಕಾನ್‌ಸ್ಟಿಟ್ಯೂಷನ್ ಕೊಳವೆಗೆ ೨೦೧೬ರಲ್ಲಿ ಆ ಸಂಸ್ಥಾನ ಜಲರಕ್ಷಣೆಯ ಅನುಮತಿ ನಿರಾಕರಿಸಿತು. ೨೦೨೦ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಅಟ್ಲಾಂಟಿಕ್ ಕೋಸ್ಟ್ ಕೊಳವೆಯನ್ನೂ ಅದೇ ವರ್ಷದ ಜುಲೈನಲ್ಲಿ ಕೈಬಿಟ್ಟರು. ೩೦೩ ಮೈಲಿ ಉದ್ದದ ಮೌಂಟನ್ ವ್ಯಾಲಿ ಕೊಳವೆ ಮಾತ್ರ ೨೦೨೪ರ ಜೂನಿನಲ್ಲಿ ತೆರೆಯಿತು. ದಿನಕ್ಕೆ ೨೦೦ ಕೋಟಿ ಘನ ಅಡಿ ಅದರ ಶಕ್ತಿ. ಮೊದಲು ಅಂದಾಜು ಮಾಡಿದ ವೆಚ್ಚದ ಎರಡರಷ್ಟಕ್ಕೂ ಮೀರಿ ಅದು ನುಂಗಿತು. ಆರಂಭದ ಒಪ್ಪಂದಗಳಲ್ಲಿ ಅದರ ಅರ್ಧಕ್ಕೂ ಹೆಚ್ಚು ಸ್ಥಳವನ್ನು ಕಾಯ್ದಿರಿಸಿದ್ದುದು ಇ.ಕ್ಯು.ಟಿ. ಎಂಬ ಒಂದೇ ಕಂಪೆನಿ.

ಆ ಕಂಪೆನಿಯ ನಡೆಯನ್ನೇ ನೋಡಿದರೆ ನಮ್ಮ ಮಾತು ಇನ್ನೂ ಸ್ಪಷ್ಟವಾಗುವುದು. ೨೦೧೭ರಲ್ಲಿ ಅದು ನೆರೆಯ ರೈಸ್ ಎನರ್ಜಿಯನ್ನು ಸುಮಾರು ೬೭೦ ಕೋಟಿ ಡಾಲರಿಗೆ ಕೊಂಡು ಅಮೆರಿಕದಲ್ಲೇ ಅತ್ಯಧಿಕ ಅನಿಲ ತೆಗೆಯುವ ಕಂಪೆನಿಯಾಯಿತು. ೨೦೧೮ರಲ್ಲಿ ತನ್ನ ಕೊಳವೆಗಳನ್ನು ಇಕ್ವಿಟ್ರಾನ್ಸ್ ಎಂಬ ಬೇರೆ ಕಂಪೆನಿಯಾಗಿ ಬೇರ್ಪಡಿಸಿತು. ೨೦೨೩ರಲ್ಲಿ ಟಗ್ ಹಿಲ್ ಎಂಬ ಖಾಸಗಿ ಕಂಪೆನಿಯ ಬಾವಿಗಳನ್ನು ಕೊಂಡಾಗ ಅವುಗಳ ಅನಿಲವನ್ನು ಕೂಡಿಸುವ ಕೊಳವೆಗಳನ್ನೂ ಜೊತೆಗೆ ಕೊಂಡಿತು. ೨೦೨೪ರಲ್ಲಿ ಇಕ್ವಿಟ್ರಾನ್ಸನ್ನೇ ಮರಳಿ ಕೊಂಡಿತು. ಬಿಟ್ಟುಕೊಟ್ಟ ದಾರಿಯನ್ನು ಆರು ವರ್ಷಗಳಲ್ಲಿ ಹಿಂದಕ್ಕೆ ಪಡೆಯಬೇಕೆನಿಸಿತೆಂದರೆ ದಾರಿಯ ಬೆಲೆ ಎಷ್ಟೆಂಬುದನ್ನು ಬಲ್ಲವರೇ ಹೇಳಿದಂತಾಯಿತು.

ಇದಕ್ಕೆ ಪ್ರತಿಯಾಗಿ ಕೊಳವೆಯ ಆಸರೆ ಪಡೆದ ಮಧ್ಯಮ ಗಾತ್ರದ ಕಂಪೆನಿ ಏನು ಸಾಧಿಸಬಲ್ಲದೆಂಬುದಕ್ಕೂ ಉದಾಹರಣೆಯುಂಟು. ಟೆಕ್ಸಾಸಿನ ಜಾರ್ಜ್ ಮಿಚೆಲ್ ಅವರ ಕಂಪೆನಿಗೆ ಷಿಕಾಗೋ ನಗರಕ್ಕೆ ಅನಿಲ ಒದಗಿಸುವ ಕೊಳವೆ ಕಂಪೆನಿಯೊಡನೆ ೧೯೫೦ರ ದಶಕದಿಂದಲೂ ದೀರ್ಘಕಾಲದ ಒಪ್ಪಂದವಿತ್ತು. ಆ ಆದಾಯದ ಬೆಂಬಲದಿಂದ ಬಾರ್ನೆಟ್ ಷೇಲಿನಲ್ಲಿ ೧೯೮೧ರಲ್ಲಿ ಮೊದಲ ಬಾವಿ ಕೊರೆದ ಅವರು ೧೯೯೮ರವರೆಗೂ ಪ್ರಯೋಗ ಬಿಡದೆ, ಬಂಡೆಯನ್ನು ಅಗ್ಗವಾಗಿ ಸೀಳುವ ಉಪಾಯವನ್ನು ಸಾಧಿಸಿಕೊಂಡರು. ೨೦೦೨ರಲ್ಲಿ ಆ ಕಂಪೆನಿ ಡೆವನ್ ಕಂಪೆನಿಯ ವಶವಾದಾಗ ಅದಕ್ಕೆ ಬಂದ ಬೆಲೆ ೩೦೦ ಕೋಟಿ ಡಾಲರಿಗೂ ಮೇಲು. ಹದಿನೇಳು ವರ್ಷಗಳ ತಾಳ್ಮೆಯನ್ನು ಕೊಟ್ಟದ್ದು ಧೈರ್ಯವೊಂದೇ ಅಲ್ಲ. ಅನಿಲಕ್ಕೆ ಗೊತ್ತಾದ ದಾರಿ ಮತ್ತು ಗೊತ್ತಾದ ಗಿರಾಕಿ.

ಹಾಗಾದರೆ ಪರಿಹಾರವೇನು? ಕುತೂಹಲದ ಸಂಗತಿಯೆಂದರೆ ಪೆನ್ಸಿಲ್ವೇನಿಯದ ಇದೇ ಬೆಟ್ಟಗಳಲ್ಲಿ ಕಲ್ಲೆಣ್ಣೆಯ ವಿಷಯದಲ್ಲಿ ಇದೇ ಜಗಳ ಒಮ್ಮೆ ನಡೆದಿತ್ತು. ರೈಲುಗಳನ್ನು ತನ್ನ ಕೈಯಲ್ಲಿಟ್ಟುಕೊಂಡಿದ್ದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯಿಂದ ಬಿಡುಗಡೆ ಪಡೆಯಲು ಸಣ್ಣ ಉತ್ಪಾದಕರು ೧೮೭೯ರಲ್ಲಿ ಟೈಡ್‌ವಾಟರ್ ಎಂಬ ಆರಂಗುಲದ ಕೊಳವೆಯನ್ನು ಅಲೆಗೆನಿ ಬೆಟ್ಟಗಳ ಮೇಲೆ ನೂರು ಮೈಲಿಗೂ ಹೆಚ್ಚು ದೂರ ಹಾಯಿಸಿದರು. ಆದರೆ ೧೮೮೩ರಲ್ಲಿ ಆ ಕೊಳವೆಯೂ ಸ್ಟ್ಯಾಂಡರ್ಡಿನೊಡನೆ ವ್ಯಾಪಾರ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದಿತು. ಕೊನೆಗೆ ೧೯೦೬ರ ಹೆಪ್‌ಬರ್ನ್ ಶಾಸನ ಎಣ್ಣೆಯ ಕೊಳವೆಗಳನ್ನು ರೈಲಿನಂತೆ ಸರ್ವರ ವಾಹನವೆಂದು ಸಾರಿತು: ಕೇಳಿದವರ ಸರಕನ್ನೆಲ್ಲ ಒಯ್ಯಬೇಕು, ಸ್ಥಳ ಸಾಲದಿದ್ದರೆ ಎಲ್ಲರಿಗೂ ಹಂಚಬೇಕು. ಇಂದಿಗೂ ಆ ದೇಶದ ಶಕ್ತಿ ನಿಯಂತ್ರಣ ಆಯೋಗ, ಎಣ್ಣೆಯ ಹೊಸ ಕೊಳವೆಯಲ್ಲಿ ಕನಿಷ್ಠ ಹತ್ತರಲ್ಲಿ ಒಂದು ಪಾಲನ್ನು ಒಪ್ಪಂದವಿಲ್ಲದೆ ಬರುವವರಿಗೆ ಬಿಡಬೇಕೆಂಬ ನೀತಿಯನ್ನು ಸಾಮಾನ್ಯವಾಗಿ ಅನುಸರಿಸುತ್ತ ಬಂದಿದೆ. ಅನಿಲದ ಕೊಳವೆಯನ್ನು ಮಾತ್ರ ೧೯೦೬ರ ಶಾಸನ ಹೊರಗಿಟ್ಟಿತು. ೧೯೩೮ರ ಅನಿಲ ಶಾಸನ ಬಾಡಿಗೆಯನ್ನು ನಿಯಂತ್ರಿಸಿತು. ೧೯೯೨ರ ೬೩೬ನೆಯ ಆಜ್ಞೆ, ತಾನೇ ಅನಿಲ ಕೊಂಡು ಮಾರುತ್ತಿದ್ದ ಕೊಳವೆ ಕಂಪೆನಿಯನ್ನು ಬರಿಯ ಸಾಗಣೆದಾರನನ್ನಾಗಿ ಮಾಡಿ, ಬೇಡವಾದ ಸ್ಥಳವನ್ನು ಇತರರಿಗೆ ಬಿಟ್ಟುಕೊಡುವ ಬಹಿರಂಗ ವ್ಯವಸ್ಥೆಯನ್ನೂ ಏರ್ಪಡಿಸಿತು. ಇದು ದೊಡ್ಡ ಸುಧಾರಣೆ. ಆದರೆ ಸ್ಥಳ ಕಾಯ್ದಿರಿಸುವ ಬಲವಿಲ್ಲದವನಿಗೆ ಬಾಗಿಲು ಪೂರ್ಣವಾಗಿ ತೆರೆಯಲಿಲ್ಲ.

ಅನಿಲದ ಪ್ರತಿಯೊಂದು ಹೊಸ ಕೊಳವೆಯಲ್ಲೂ ಹತ್ತರಲ್ಲಿ ಒಂದು ಪಾಲನ್ನು ಸಣ್ಣ ಉತ್ಪಾದಕರಿಗೆ, ಅದೇ ಬಾಡಿಗೆಗೆ, ಅಲ್ಪಾವಧಿಯ ಒಪ್ಪಂದಕ್ಕೆ ಮೀಸಲಿಡಬೇಕೆಂದು ನಾವು ಹೇಳುತ್ತೇವೆ. ಒಬ್ಬರಿಗೆ ಇಷ್ಟೇ ಎಂಬ ಮಿತಿಯಿರಲಿ. ಗೊತ್ತಾದ ದಿನದೊಳಗೆ ಯಾರೂ ಕೇಳದಿದ್ದರೆ ಆ ಸ್ಥಳ ಇತರರಿಗೆ ಹೋಗಲಿ. ಆಗ ‘ಖ’ ಕಂಪೆನಿಯನ್ನು ಕೊಳ್ಳಲು ಬಂದವನು ‘ನಾನಿಲ್ಲದೆ ನಿನಗೆ ದಾರಿಯಿಲ್ಲ’ ಎನ್ನಲಾರ. ಕಂಪೆನಿ ಮಾರಾಟವಾಗಬಾರದೆಂಬುದು ನಮ್ಮ ಬಯಕೆಯಲ್ಲ. ನ್ಯಾಯವಾದ ಬೆಲೆಗೆ, ತನ್ನ ಇಚ್ಛೆಯಿಂದ ಮಾರಾಟವಾಗಲಿ ಎಂಬುದಷ್ಟೇ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಚಳಿಗಾಲದಲ್ಲಿ ನಗರಗಳ ಮನೆಗಳು ಬೆಚ್ಚಗಿರಬೇಕಾದರೆ ಅನಿಲ ಖಚಿತವಾಗಿ ಬರಬೇಕು. ಎಣ್ಣೆಯಂತೆ ಎಲ್ಲವನ್ನೂ ಹಂಚಹೊರಟರೆ ಅಪಾಯ ಎನ್ನುವರು. ಸರಿಯಾದ ಮಾತೇ. ಆದುದರಿಂದಲೇ ನಾವು ಕೇಳುವುದು ಹತ್ತನೆಯ ಒಂದು ಪಾಲು, ಇಡೀ ಕೊಳವೆಯಲ್ಲ. ಮೀಸಲು ಖಾಲಿ ಉಳಿದರೆ ನಷ್ಟ ಯಾರದು ಎಂದೂ ಕೇಳುವರು. ಉಳಿದ ಒಂಬತ್ತು ಪಾಲಿನವರು ಅದನ್ನು ಸ್ವಲ್ಪ ಸ್ವಲ್ಪ ಹೊರಬೇಕಾಗುವುದು. ಹೆದ್ದಾರಿಯ ನೆರಳಿನಲ್ಲಿ ಬೆಳೆದವರು ತೆರಬಹುದಾದ ಸುಂಕ ಅದು. ಇನ್ನು ದೀರ್ಘಕಾಲದ ಒಪ್ಪಂದವೇ ಸಣ್ಣವನಿಗೆ ವರವೆನ್ನುವವರು ವಯೋಮಿಂಗಿನ ಅಲ್ಟ್ರಾ ಪೆಟ್ರೋಲಿಯಂ ಕಂಪೆನಿಯನ್ನು ನೆನೆಯಬೇಕು. ಅದು ೨೦೧೬ರಲ್ಲಿ ದಿವಾಳಿಯಾದಾಗ, ಕಾಯ್ದಿರಿಸಿದ ಸ್ಥಳದ ಬಾಕಿಗಾಗಿ ರಾಕೀಸ್ ಎಕ್ಸ್‌ಪ್ರೆಸ್ ಸುಮಾರು ೩೦ ಕೋಟಿ ಡಾಲರು ಕೇಳಿತು. ಕೊನೆಗೆ ೧೫ ಕೋಟಿಗೆ ರಾಜಿಯಾಯಿತು. ಬೆಲೆ ಬಿದ್ದಾಗ ಕೀಲಿಕೈಯೇ ಕೊರಳಿನ ಕಲ್ಲಾಗಬಲ್ಲುದು. ಅಲ್ಪಾವಧಿಯ ಮೀಸಲನ್ನು ನಾವು ಬಯಸುವುದು ಇದಕ್ಕಾಗಿಯೇ. ಹೊಸ ಕೊಳವೆಗಳೆಲ್ಲವೂ ಬೇಕೆಂಬ ಹಟವೂ ನಮ್ಮದಲ್ಲ. ಹೊಳೆ, ಕಾಡು, ಹೊಲಗಳ ಹಾನಿಯೂ ಸೋರಿದ ಮೀಥೇನು ಭೂಮಿಯನ್ನು ಬಿಸಿಮಾಡುವುದೂ ಗಂಭೀರವಾದ ಸಂಗತಿಗಳು. ಕೊಳವೆಗಳು ಕೆಲವೇ ಆಗುವುದಾದರೆ, ಇರುವ ಕೆಲವನ್ನು ನ್ಯಾಯವಾಗಿ ಹಂಚುವ ಅಗತ್ಯ ಇನ್ನೂ ಹೆಚ್ಚು.

ನಮ್ಮ ದೇಶಕ್ಕೂ ಇದರಲ್ಲಿ ಪಾಠವಿದೆ. ಕೊಚ್ಚಿಯಲ್ಲಿ ವರ್ಷಕ್ಕೆ ೫೦ ಲಕ್ಷ ಟನ್ನು ದ್ರವಾನಿಲವನ್ನು ಇಳಿಸಿಕೊಳ್ಳಬಲ್ಲ ಸ್ಥಾವರ ೨೦೧೩ರಲ್ಲೇ ಸಿದ್ಧವಾಯಿತು. ಆದರೆ ಮಂಗಳೂರಿಗೆ ಬರುವ ಸುಮಾರು ೪೫೦ ಕಿಲೋಮೀಟರಿನ ಕೊಳವೆ ಉದ್ಘಾಟನೆಯಾದದ್ದು ೨೦೨೧ರ ಜನವರಿಯಲ್ಲಿ. ನಡುವೆ ಹಲವು ವರ್ಷ ಆ ಸ್ಥಾವರ ತನ್ನ ಶಕ್ತಿಯ ಹತ್ತನೆಯ ಒಂದು ಪಾಲನ್ನೂ ಬಳಸಲಾರದೆ ನಿಂತಿತು. ಮಧ್ಯಪ್ರದೇಶದ ಸೊಹಾಗ್‌ಪುರದ ಕಲ್ಲಿದ್ದಲಿನ ಪದರಗಳಿಂದ ೨೦೧೭ರಲ್ಲಿ ಮೀಥೇನು ಹೊರಬಂದಾಗ, ಶಹಡೋಲಿನಿಂದ ಫೂಲ್ಪುರಕ್ಕೆ ಸುಮಾರು ೩೦೦ ಕಿಲೋಮೀಟರು ಕೊಳವೆಯನ್ನು ರಿಲಯನ್ಸ್ ಸಂಸ್ಥೆ ತಾನೇ ಹಾಕಿಕೊಂಡಿತು. ಅಷ್ಟು ಬಂಡವಾಳವಿಲ್ಲದವನು ಏನು ಮಾಡಬೇಕು? ೨೦೦೬ರ ಶಾಸನದಂತೆ ಏರ್ಪಟ್ಟ ನಮ್ಮ ನಿಯಂತ್ರಣ ಮಂಡಲಿಯ ನಿಯಮಗಳು ಕೊಳವೆಯ ಶಕ್ತಿಯಲ್ಲಿ ಒಂದು ಪಾಲನ್ನು ಸರ್ವರ ಬಳಕೆಗೆ ಬಿಡಬೇಕೆಂದು ವಿಧಿಸಿವೆ. ಈ ತತ್ತ್ವ ಸರಿಯಾದುದು. ಕಾಗದದ ಮೇಲಿರುವ ಆ ಪಾಲು ಸಣ್ಣ ಉತ್ಪಾದಕನ ಕೈಗೆ ನಿಜವಾಗಿ ಎಟಕುವಂತೆ ನೋಡಿಕೊಳ್ಳುವುದೇ ಮುಂದಿನ ಕೆಲಸ.

ವಿಜ್ಞಾನದ ವಿದ್ಯಾರ್ಥಿಗಳು ಕೊಳವೆಯ ವ್ಯಾಸಕ್ಕೂ ಹರಿವಿಗೂ ಇರುವ ಸಂಬಂಧವನ್ನು ಪರೀಕ್ಷೆಗಾಗಿ ಕಲಿಯುತ್ತಾರೆ. ಆ ಸೂತ್ರವೇ ಒಂದು ಸೀಮೆಯಲ್ಲಿ ದಾರಿ ಎಷ್ಟಿರಬೇಕೆಂಬುದನ್ನು ಗೊತ್ತುಮಾಡುತ್ತದೆ. ಆದರೆ ಆ ದಾರಿಯಲ್ಲಿ ಯಾರಿಗೆ ಎಡೆಯೆಂಬುದನ್ನು ಗೊತ್ತುಮಾಡುವ ಸೂತ್ರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅದನ್ನು ಬರೆಯುವ ಹೊಣೆ ಪ್ರಜೆಗಳದು.